ಎರಡನೆಯ ಬುಧವಾರ

ಆ ಹಡಗಿನ ದಿನಚರಿಯಲ್ಲಿ ಒಂದೇ ಬುಧವಾರ ಎರಡು ಸಲ ಇತ್ತು. ಅದರಲ್ಲಿ ಒಂದನ್ನು ನಾನು ಅಳಿಸಿದೆ. ಬೇಕೆಂದು ಮಾಡಿದ್ದಲ್ಲ. ಆದರೆ ಅಳಿಸುವ ಪ್ರೋಗ್ರಾಂ ಬರೆದವಳು ನಾನೇ, ಎಷ್ಟು ಚೆನ್ನಾಗಿ ಓಡುತ್ತಿದೆ ನೋಡಿ ಎಂದು ಮೀಟಿಂಗಿನಲ್ಲಿ ಬೀಗಿದವಳೂ ನಾನೇ.

ಕೆಲಸ ಸಿಡ್ನಿಯ ಒಂದು ವಸ್ತುಸಂಗ್ರಹಾಲಯದ ನೆಲಮಾಳಿಗೆಯಲ್ಲಿ. ಹತ್ತೊಂಬತ್ತನೆಯ ಶತಮಾನದ ಒಂದು ಹಾಯಿಹಡಗಿನ ಸೇವಾಚರಿತ್ರೆಯನ್ನು ದಿನದಿನವೂ ಕಂಪ್ಯೂಟರಿಗೆ ಏರಿಸಬೇಕಿತ್ತು. ಹಾಯಿ ಕಟ್ಟುವ ಮೂರು ಕೂವೆಮರಗಳ ಯುದ್ಧನೌಕೆ. ಮುಂಬೈಯಲ್ಲಿ ಕಟ್ಟಿದ್ದು, ಮರ ಪಶ್ಚಿಮ ಕರಾವಳಿಯ ಸಾಗುವಾನಿ ಎಂದು ಕಡತದಲ್ಲಿ ಓದಿದಾಗ ಉಡುಪಿಯವಳಾದ ನನಗೆ ಸ್ವಲ್ಪ ಹೆಮ್ಮೆಯಾಯಿತು, ಸುಳ್ಳೇಕೆ ಹೇಳಲಿ. ಸಿಡ್ನಿಯನ್ನು ನೆಲೆ ಮಾಡಿಕೊಂಡು ಪೆಸಿಫಿಕ್ ದ್ವೀಪಗಳ ನಡುವೆ ವರ್ಷಗಟ್ಟಲೆ ಅಲೆದ ಹಡಗು ಅದು. ಕಡಲಿನ ಆಳ ಅಳೆಯಿತು, ಕೈದಿಗಳನ್ನು ಸಾಗಿಸಿತು, ಯಾರ ಯಾರ ಮೇಲೋ ಫಿರಂಗಿ ತಿರುಗಿಸಿತು. ಕೊನೆಗೆ ಕೂವೆಮರಗಳನ್ನು ಕತ್ತರಿಸಿ, ಮೆಲ್ಬರ್ನಿನ ವಿಲಿಯಮ್ಸ್‌ಟೌನ್ ಎದುರಿಗೆ ಸರಪಳಿ ಹಾಕಿ ನಿಲ್ಲಿಸಿ, ಗೋದಾಮು ಮಾಡಿದರು. ಅಲ್ಲೇ ಕೊಳೆಯಿತು.

ಕೆಲಸದ ಕ್ರಮ ಹೀಗಿತ್ತು. ದಿನಚರಿಯ ಪ್ರತಿ ಪುಟದ ಫೋಟೋವನ್ನು ಇಬ್ಬರು ಸ್ವಯಂಸೇವಕರಿಗೆ ಕೊಡುತ್ತಿದ್ದೆವು. ಒಬ್ಬರ ಕೆಲಸ ಇನ್ನೊಬ್ಬರಿಗೆ ಕಾಣುತ್ತಿರಲಿಲ್ಲ. ಗಂಟೆ, ವೇಗ, ದಿಕ್ಕು, ಗಾಳಿ, ಷರಾ ಎಂಬ ಐದು ಕಾಲಂಗಳನ್ನು ಇಬ್ಬರೂ ಬೇರೆ ಬೇರೆಯಾಗಿ ಟೈಪ್ ಮಾಡುತ್ತಿದ್ದರು. ನನ್ನ ಪ್ರೋಗ್ರಾಂ ಒಂದೇ ತಾರೀಕಿನ ಎರಡು ಪ್ರತಿಗಳನ್ನು ಹೋಲಿಸಿ, ಹೊಂದಿಸಿ, ಒಂದು ದಿನಕ್ಕೆ ಒಂದೇ ಸಾಲು ಉಳಿಸುತ್ತಿತ್ತು. ಕೆಲವು ಅಜ್ಜಂದಿರು ಕಳಿಸುವ ಬಟನ್ನನ್ನು ಎರಡೆರಡು ಸಲ ಒತ್ತುತ್ತಿದ್ದರು. ಆಗ ಒಂದೇ ತಾರೀಕಿಗೆ ಮೂರೋ ನಾಲ್ಕೋ ಪ್ರತಿ ಬಂದು ಬೀಳುತ್ತಿತ್ತು. ಅದಕ್ಕೂ ಒಂದು ನಿಯಮ ಬರೆದೆ: ಎರಡಕ್ಕಿಂತ ಹೆಚ್ಚಿದ್ದರೆ ಉದ್ದದ್ದನ್ನು ಇಟ್ಟುಕೋ, ಉಳಿದದ್ದನ್ನು ಬಿಸಾಡು. ಆ ನಿಯಮ ಬರೆಯಲು ನನಗೆ ಹತ್ತು ನಿಮಿಷ ಸಾಕಾಯಿತು.

ಆ ನೆಲಮಾಳಿಗೆಯ ಕೋಣೆಗೆ ಕಿಟಕಿ ಇಲ್ಲ. ಒಳಗೆ ಹೋಗಬೇಕಾದರೆ ಫೋನು, ಚೀಲ, ನೀರಿನ ಬಾಟಲಿ ಎಲ್ಲ ಲಾಕರಿನಲ್ಲಿ. ಪೆನ್ನು ಇಲ್ಲ, ಪೆನ್ಸಿಲ್ ಮಾತ್ರ. ಸ್ವಯಂಸೇವಕರ ಕೆಲಸ ಮುಗಿದ ಮೇಲೆ, ಒಪ್ಪಂದದ ಪ್ರಕಾರ, ಪುಟಗಳ ಫೋಟೋಗಳು ಆ ಕೋಣೆಯ ಒಂದೇ ಕಂಪ್ಯೂಟರಿನಲ್ಲಿ ತೆರೆಯುತ್ತಿದ್ದವು. ಹೊರಗಿನ ಬದುಕೂ ಹೆಚ್ಚುಕಡಿಮೆ ಹಾಗೇ ಇತ್ತು. ನನ್ನ ವೀಸಾ ಈ ಕೆಲಸದ ಗುತ್ತಿಗೆ ಹಿಡಿದ ಸಾಫ್ಟ್‌ವೇರ್ ಕಂಪನಿಗೆ ಕಟ್ಟಿದ್ದು, ಕಂಪನಿಯ ಕೆಲಸ ಸಿಡ್ನಿಗೆ ಕಟ್ಟಿದ್ದು. ಗಂಡ, ಮಗಳು, ಊರಿನಿಂದ ಬಂದ ಅತ್ತೆ, ಎಲ್ಲರೂ ಮೆಲ್ಬರ್ನಿನ ಪಾಯಿಂಟ್ ಕುಕ್‌ನಲ್ಲಿ. ನಾನು ಸಿಡ್ನಿಯ ಗಿರಾವೀನ್‌ನಲ್ಲಿ ಒಂದು ರೂಮು ಹಿಡಿದು, ಶುಕ್ರವಾರ ಸಂಜೆ ವಿಮಾನ ಹತ್ತಿ, ಭಾನುವಾರ ವಾಪಸಾಗುತ್ತಿದ್ದೆ. ಬಾಗಿಲು ತೆಗೆದ ಮಗಳು "ಹಾಯ್ ಅಮ್ಮ, ವೆನ್ ಆರ್ ಯು ಗೋಯಿಂಗ್ ಬ್ಯಾಕ್?" ಎಂದೇ ಕೇಳುತ್ತಿದ್ದಳು. ಬಂದದ್ದು ಯಾವಾಗ ಎಂದು ಕೇಳುವುದನ್ನು ಬಿಟ್ಟೇ ಬಿಟ್ಟಿದ್ದಳು. ಪಿಆರ್‌ಗೆ, ಅಂದರೆ ಇಲ್ಲೇ ಕಾಯಂ ನೆಲೆಸುವ ಅನುಮತಿಗೆ, ಕಂಪನಿಯ ನಾಮಿನೇಷನ್ ಸಹಿಯಾಗಿಬಿಟ್ಟರೆ ನಾನು ಮೆಲ್ಬರ್ನಿನಲ್ಲೇ ಕೆಲಸ ಹುಡುಕಬಹುದಿತ್ತು. ಆ ಒಂದು ಸಹಿಗಾಗಿ ಹಲ್ಲು ಕಚ್ಚಿ ಕೂತಿದ್ದೆ.

ಆ ಹಡಗಿನ ಕುರಿತ ಒಂದು ಪ್ರದರ್ಶನ ಮೆಲ್ಬರ್ನಿನಲ್ಲಿ ಎಂದು ನಿಶ್ಚಯವಾಗಿತ್ತು. ಅದಕ್ಕೂ ಮೊದಲು ಆ ಹಡಗಿನಲ್ಲಿದ್ದವರ ವಂಶಸ್ಥರನ್ನು ಕರೆದು ಒಂದು ಸಭೆ ಮಾಡಿದರು. ಅಲ್ಲಿಗೆ ಬಂದವರಲ್ಲಿ ವಿಲಿಯಮ್ಸ್‌ಟೌನಿನ ಒಬ್ಬ ಹೆಂಗಸು ಇದ್ದರು. ಎಪ್ಪತ್ತು ದಾಟಿದವರು, ಮೊದಲು ಶಾಲೆಯ ಬಸ್ ಓಡಿಸುತ್ತಿದ್ದರಂತೆ. ಕೈ ಸ್ವಲ್ಪ ನಡುಗುತ್ತಿತ್ತು. ಅವರ ಮುತ್ತಜ್ಜನ ತಂದೆ ಆ ಹಡಗಿನ ನಾವಿಕ. ಹಡಗಿನ ಹಾಜರಿ ಪುಸ್ತಕದಲ್ಲಿ ಅವನ ಹೆಸರಿನ ಮುಂದೆ ಆರ್ ಎಂಬ ಒಂದು ಅಕ್ಷರ. ರನ್, ಅಂದರೆ ಓಡಿಹೋದವನು ಎಂದು ಅರ್ಥ. ಓಡಿಹೋದವನ ಸಂಬಳವೂ ಹೋಯಿತು, ಹೆಂಡತಿಗೆ ಸಿಗಬೇಕಾದದ್ದೂ ಹೋಯಿತು, ಮರ್ಯಾದೆಯೂ ಹೋಯಿತು.

"ನಮ್ಮ ಮನೆಯಲ್ಲಿ ಅವನ ಹೆಸರು ಯಾರೂ ಹೇಳುವುದಿಲ್ಲ. ನನ್ನ ಅಜ್ಜಿ ಹೇಳಲಿಲ್ಲ, ಅಮ್ಮ ಹೇಳಲಿಲ್ಲ. ನಿಜವಾಗಿ ಓಡಿದನಾ? ನನಗೆ ಅಷ್ಟು ಗೊತ್ತಾದರೆ ಸಾಕು," ಎಂದರು ಅವರು.

ನಾನು ಲ್ಯಾಪ್‌ಟಾಪ್ ತೆಗೆದು ಹುಡುಕಿದೆ. ಹಡಗು ಒಂದು ದ್ವೀಪದ ಬಳಿ ಲಂಗರು ಹಾಕಿತ್ತು. ಬುಧವಾರ ಸಂಜೆ ಹಾಜರಿ ಕರೆದಾಗ ಅವನು ಇಲ್ಲ. ಗುರುವಾರ ಹಡಗು ಲಂಗರು ಎತ್ತಿದೆ. ಮುಂದೆ ಹೆಸರೇ ಇಲ್ಲ.

"ನಾನು ಒಂದು ದಿನವನ್ನೂ ಬಿಡದೆ ನೋಡಿದ್ದೇನೆ. ಆ ಸಂಜೆಯ ಮೇಲೆ ಅವರ ಹೆಸರು ಎಲ್ಲೂ ಇಲ್ಲ," ಎಂದೆ.

ಅವರು ತಲೆಯಾಡಿಸಿ, ಕೈಯಲ್ಲಿದ್ದ ಕಾಗದವನ್ನು ನಾಲ್ಕಾಗಿ ಮಡಚಿ ಚೀಲದೊಳಗೆ ಇಟ್ಟುಕೊಂಡರು. ಪ್ರದರ್ಶನಕ್ಕೆ ಗಾಜಿನ ಫಲಕಗಳು ತಯಾರಾಗುತ್ತಿದ್ದವು. ಒಂದರ ಮೇಲೆ ಓಡಿಹೋದವರ ಪಟ್ಟಿ, ಅದರಲ್ಲಿ ಅವನ ಹೆಸರು. ಪಟ್ಟಿ ಸರಿಯಿದೆ, ಪೂರ್ಣವಾಗಿದೆ ಎಂದು ಕೆಳಗೆ ಸಹಿ ಹಾಕಿದವಳೂ ನಾನೇ.

ಎರಡು ವಾರ ಕಳೆದು ಒಂದು ಶನಿವಾರ ಬೆಳಿಗ್ಗೆ, ಪಾಯಿಂಟ್ ಕುಕ್ ಮನೆಯಲ್ಲಿ ದೋಸೆ ಹುಯ್ಯುತ್ತಿದ್ದೆ. ಹಿಂದಿನ ದಿನ ಏಕಾದಶಿ, ಅತ್ತೆಗೆ ಉಪವಾಸ. ಹಸಿದಿದ್ದಾರೆ ಎಂದು ಮೊದಲ ದೋಸೆ ಅವರ ಬಟ್ಟಲಿಗೇ ಹಾಕಿದೆ. ಅವರು ಬಟ್ಟಲನ್ನು ಆಚೆ ಸರಿಸಿದರು.

"ನಂಗೆ ಬೇಡ. ಇವತ್ತೂ ಉಪವಾಸ."

"ನಿನ್ನೆ ಮಾಡಿದ್ರಲ್ಲ ಅತ್ತೆ!"

"ಈ ಸಲ ಎರಡು ದಿನ ಉಂಟು, ಮಾರಾಯ್ತಿ. ಊರಲ್ಲಿ ಒಂದೇ ದಿನ. ಇಲ್ಲಿ ಸೂರ್ಯ ಹುಟ್ಟುವ ಹೊತ್ತು ಬೇರೆ ಅಲ್ವಾ, ಹಾಗಾಗಿ ಇಲ್ಲಿಯ ಲೆಕ್ಕದಲ್ಲಿ ಎರಡು."

ಗಂಡ ಫೋನಿನಲ್ಲಿ ಮೆಲ್ಬರ್ನಿನ ಪಂಚಾಂಗ ತೆಗೆದು ನೋಡಿ, "ಹೌದು, ಅತಿರಿಕ್ತೋಪವಾಸ, ಹೆಚ್ಚಿನ ಉಪವಾಸ ಅಂತ ಹಾಕಿದ್ದಾರೆ," ಎಂದರು. "ಆದ್ರೆ ಬಿಪಿ ಮಾತ್ರೆ ನುಂಗುದು ಎಂತ, ಬರೀ ಹೊಟ್ಟೆಗಾ? ಒಂದು ದಿನ ಮಾಡಿ ಆಯ್ತಲ್ಲ, ಸಾಕಮ್ಮ."

ಅತ್ತೆಗೆ ಸಿಟ್ಟು ಬಂತು. "ದಿನ ಎರಡು ಬಂದ್ರೆ ಎರಡನ್ನೂ ಮಾಡ್ಬೇಕು. ಒಂದೇ ಥರ ಕಾಣ್ತದೆ ಅಂತ ಒಂದನ್ನು ಬಿಡ್ಲಿಕ್ಕೆ ಉಂಟಾ?"

ಕಾವಲಿಯ ಮೇಲಿನ ದೋಸೆ ಹೊತ್ತಿತು. ನನಗೆ ಕಾಣಿಸಿದ್ದು ನಕಾಶೆ. ಸಿಡ್ನಿಯಿಂದ ಹೊರಟು ಪೂರ್ವಕ್ಕೆ, ಪೂರ್ವಕ್ಕೆ ಹೋದ ಹಡಗು. ಪೆಸಿಫಿಕ್ ನಡುವಿನ ದಿನರೇಖೆ ದಾಟಿದವನು ಒಂದು ದಿನವನ್ನು ಎರಡು ಸಲ ಎಣಿಸಬೇಕು. ಶಾಲೆಯಲ್ಲಿ ಓದಿದ್ದೇ. ಹಾಗಾದರೆ ನಮ್ಮ ಹಡಗಿನ ಆ ಹೆಚ್ಚಿನ ದಿನ ಎಲ್ಲಿ ಹೋಯಿತು? ನನ್ನ ಪಟ್ಟಿಯಲ್ಲಿ ಎರಡು ಸಲ ಬಂದ ದಿನ ಒಂದೂ ಇರಲಿಲ್ಲ. ಇರಲು ಸಾಧ್ಯವೂ ಇರಲಿಲ್ಲ, ನಾನೇ ಬಿಡುತ್ತಿರಲಿಲ್ಲವಲ್ಲ! ಒಲೆ ಆರಿಸಿಬಿಟ್ಟೆ.

"ಎಂತಾಯ್ತು?" ಎಂದರು ಅತ್ತೆ.

"ಎಂತ ಇಲ್ಲ ಅತ್ತೆ."

ಫೋಟೋಗಳು ಸಿಡ್ನಿಯ ಆ ಕೋಣೆಯಲ್ಲಿ. ಸೋಮವಾರದವರೆಗೆ ಏನೂ ಮಾಡುವಂತಿಲ್ಲ. ಎರಡು ದಿನ ಮನೆಯಲ್ಲಿ ಬೋನಿಗೆ ಬಿದ್ದ ಇಲಿಯ ಹಾಗೆ ಓಡಾಡಿದೆ. ಅತ್ತೆ ಎರಡನೆಯ ದಿನವೂ ತುಳಸಿ ನೀರಿನಲ್ಲೇ ಕಳೆದು, ಭಾನುವಾರ ಬೆಳಿಗ್ಗೆ ಪಾರಣೆ ಮಾಡಿದರು. ನನಗೆ ಮಾತ್ರ ಊಟ ಸೇರಲಿಲ್ಲ.

ಸೋಮವಾರ ಫೋಟೋ ನೋಡಿ ತೃಪ್ತಿಯಾಗದೆ ಮೂಲ ಪುಸ್ತಕವನ್ನೇ ತರಿಸಿದೆ. ಅದನ್ನು ಸ್ಪಂಜಿನ ದಿಂಬಿನ ಮೇಲೆ ಮಲಗಿಸಬೇಕು, ಪುಟ ಮಗುಚದ ಹಾಗೆ ಸೀಸದ ಮಣಿಗಳಿರುವ ಬಟ್ಟೆಯ ಹುರಿ ಇಡಬೇಕು, ಬೆರಳಿನಿಂದ ಸಾಲು ಮುಟ್ಟುವ ಹಾಗಿಲ್ಲ. ಬುಧವಾರ. ನೀರಿನ ಪೀಪಾಯಿಗಳ ಲೆಕ್ಕ, ಹರಿದ ಹಾಯಿಯ ಹೊಲಿಗೆ, ದಡಕ್ಕೆ ಹೋದ ದೋಣಿ, ಸಂಜೆಯ ಹಾಜರಿಯಲ್ಲಿ ಒಬ್ಬ ಇಲ್ಲ. ಉದ್ದನೆಯ ಪುಟ. ಮಗುಚಿದೆ. ಮತ್ತೆ ಬುಧವಾರ, ಅದೇ ತಾರೀಕು. ಆ ದ್ವೀಪದಲ್ಲಿದ್ದ ಬೇರೆ ಹಡಗುಗಳ ದಿನಕ್ಕೆ ಹೊಂದಿಸಲು ಇವತ್ತು ಒಂದು ದಿನ ಸೇರಿಸಿದೆ ಎಂದು ಕ್ಯಾಪ್ಟನ್ ಮೇಲೆಯೇ ಬರೆದಿದ್ದ. ಕೆಳಗೆ ನಾಲ್ಕೇ ನಾಲ್ಕು ಸಾಲು.

ನೀರು ತರಲು ಹೋದವರು ನಿನ್ನೆ ಕಾಣೆಯಾದವನ ದೇಹವನ್ನು ಬಂಡೆಗಳ ಒಳಬದಿಯಲ್ಲಿ ಕಂಡರು. ಪೀಪಾಯಿಯ ಹಗ್ಗ ಅವನ ಕೈಗೆ ಸುತ್ತಿಕೊಂಡೇ ಇತ್ತು. ಹನ್ನೊಂದು ಗಂಟೆಗೆ ದಡದಲ್ಲಿ ಹೂಳಿದೆವು. ಗಾಳಿ ಆಗ್ನೇಯ, ಮಂದ.

ಹೆಸರು ಸ್ಪಷ್ಟವಾಗಿತ್ತು. ನಾಲ್ಕು ಪ್ರತಿಗಳು ಬಂದಿದ್ದವು, ಒಂದೊಂದು ಬುಧವಾರಕ್ಕೆ ಎರಡರಂತೆ. ನನ್ನ ಪ್ರೋಗ್ರಾಂ ಉದ್ದದ್ದನ್ನು ಇಟ್ಟುಕೊಂಡು ಈ ನಾಲ್ಕು ಸಾಲನ್ನು ಬಿಸಾಡಿತ್ತು. ಅಯ್ಯೋ ದೇವರೇ, ಆ ಹೆಂಗಸಿನ ಮುಖ ನೋಡಿ ಒಂದು ದಿನವನ್ನೂ ಬಿಟ್ಟಿಲ್ಲ ಎಂದು ಹೇಳಿದ್ದೆನಲ್ಲ.

ನಮ್ಮ ಟೀಮ್ ಲೀಡ್ ಬೆಂಗಳೂರಿನವರು, ಬಸವನಗುಡಿ. ಒಳ್ಳೆಯ ಮನುಷ್ಯ, ನಾನು ಸಿಡ್ನಿಗೆ ಬಂದ ವಾರ ಮನೆಗೆ ಕರೆದು ಬಿಸಿಬೇಳೆಬಾತ್ ಹಾಕಿದವರು. ಅವರಿಗೆ ಹೇಳಿದೆ. ಅವರು ಬಾಗಿಲು ಹಾಕಿಕೊಂಡು ಬಂದು ಕೂತರು.

"ಇನ್ನೂ ಯಾರಿಗಾದ್ರೂ ಹೇಳಿದೀರಾ?"

"ಇಲ್ಲ ಸರ್."

"ಹೇಳ್ಬೇಡಿ ತಾಯಿ, ಕೈ ಮುಗೀತೀನಿ. ಪ್ಯಾನೆಲ್ ಪ್ರೊಡಕ್ಷನ್‌ಗೆ ಹೋಗಾಗಿದೆ. ಡೇಟಾ ಕಂಪ್ಲೀಟ್ ಅಂತ ನೀವೇ ಸೈನ್ ಮಾಡಿದೀರ. ಶುಕ್ರವಾರ ನಿಮ್ಮ ನಾಮಿನೇಷನ್ ಸೈನ್ ಆಗತ್ತೆ. ಈಗ ಹೋಗಿ ತಪ್ಪಾಯ್ತು ಅಂದ್ರೆ ಮೇಲಿನವರು ಏನು ಮಾಡ್ತಾರೆ ಹೇಳಿ? ಹೋಲ್ಡ್ ಮಾಡ್ತಾರೆ. ನಿಮ್ಮ ವೀಸಾ ಮುಗಿಯೋಕೆ ಎಷ್ಟು ತಿಂಗಳಿದೆ?"

ಎಷ್ಟಿದೆ ಎಂದು ನನಗೆ ಗೊತ್ತಿತ್ತು. ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಮಗಳು ಅದಕ್ಕೆ ಕೆಂಪು ಸುತ್ತು ಹಾಕಿದ್ದಳು.

"ಆಮೇಲೆ ನೋಡೋಣ. ಸೈನ್ ಆಗ್ಲಿ, ಆರು ತಿಂಗಳಾದ್ಮೇಲೆ ನಿಧಾನಕ್ಕೆ ಕರೆಕ್ಷನ್ ಹಾಕೋಣ. ಅವನು ಸತ್ತು ಎಷ್ಟು ಕಾಲ ಆಯ್ತು! ಇನ್ನಾರು ತಿಂಗಳು ಕಾಯಕ್ಕೆ ಅವನಿಗೇನು ಕಷ್ಟ?"

ಅವರು ಹೇಳಿದ್ದರಲ್ಲಿ ಸುಳ್ಳೇನೂ ಇರಲಿಲ್ಲ. ಮಂಗಳವಾರ ಸುಮ್ಮನಿದ್ದೆ. ಬುಧವಾರವೂ ಬಾಯಿಗೆ ಬೀಗ ಹಾಕಿಕೊಂಡು ಕೂತೆ. ಸುಮ್ಮನಿದ್ದದ್ದು ಮಾತ್ರವಲ್ಲ, ಇನ್ನೂ ಒಂದು ಕೆಲಸ ಮಾಡಿದೆ, ಹೇಳಿಯೇಬಿಡುತ್ತೇನೆ: ಆ ನಾಲ್ಕು ಸಾಲುಗಳನ್ನು ಯಾವ ಟಿಪ್ಪಣಿಯೂ ಇಲ್ಲದೆ ಸದ್ದಿಲ್ಲದೆ ಪಟ್ಟಿಗೆ ಸೇರಿಸಿದೆ. ಕೇಳಿದರೆ ಮೊದಲಿನಿಂದಲೂ ಇತ್ತು ಎನ್ನಬಹುದಲ್ಲ ಎಂದು. ಆಮೇಲೆ ನನ್ನ ಮೇಲೇ ಅಸಹ್ಯವಾಗಿ ತೆಗೆದೆ. ಮತ್ತೆ ಸೇರಿಸಿದೆ. ಮಧ್ಯಾಹ್ನ ಹೊರಗೆ ಬಂದು ಬಂದರಿನ ಕಟ್ಟೆಯ ಮೇಲೆ ಕೂತು ಡಬ್ಬಿ ತೆರೆದವಳು ಚಪಾತಿ ಮುಟ್ಟದೆ ಮುಚ್ಚಿದೆ. ಎದುರಿಗೆ ಮ್ಯಾನ್ಲಿಗೆ ಹೋಗುವ ಫೆರ್ರಿಗಳು ಆರಾಮಾಗಿ ಹೋಗಿಬರುತ್ತಿದ್ದವು.

ಗುರುವಾರ ಹಾಜರಿ ಪುಸ್ತಕವನ್ನು ತರಿಸಿದೆ. ಅದರ ಅಗತ್ಯ ಇರಲಿಲ್ಲ. ಆ ಅಕ್ಷರವನ್ನು ಒಂದು ಸಲ ನೋಡಬೇಕು ಅನಿಸಿತು, ಅಷ್ಟೇ. ಹಡಗಿನ ಗುಮಾಸ್ತನ ಕೈಬರಹ ಮುತ್ತಿನಂತಿತ್ತು. ಅವನು ಮೊದಲ ಬುಧವಾರದ ಸಂಜೆ ಆರ್ ಎಂದು ಬರೆದಿದ್ದಾನೆ. ಮರುದಿನ ಬೆಳಿಗ್ಗೆ ದೇಹ ಸಿಕ್ಕಿದೆ, ಇಡೀ ಹಡಗಿಗೆ ಗೊತ್ತಿದೆ, ಹನ್ನೊಂದು ಗಂಟೆಗೆ ಅವನೂ ಟೊಪ್ಪಿ ತೆಗೆದು ಆ ಗುಂಡಿಯ ಪಕ್ಕ ನಿಂತಿರಬೇಕು. ಒಂದು ಅಕ್ಷರ ತಿದ್ದಬೇಕಿತ್ತು. ತಿದ್ದಲಿಲ್ಲ. ಪುಟದ ಕೆಳಗೆ ಕ್ಯಾಪ್ಟನ್ ಅದಾಗಲೇ ಸಹಿ ಮಾಡಿಬಿಟ್ಟಿದ್ದ. ಸಹಿಯಾದ ಪುಟ ತಿದ್ದಿದರೆ ಯಾಕೆ, ಏನು ಎಂದು ಉತ್ತರ ಕೊಡಬೇಕು. ಅವನಿಗೂ ಮುಂದಿನ ಹಡಗು ಬೇಕಿತ್ತೋ, ಮನೆಯಲ್ಲಿ ಮಗಳಿದ್ದಳೋ, ಆಮೇಲೆ ನಿಧಾನಕ್ಕೆ ನೋಡೋಣ ಅಂದುಕೊಂಡನೋ. ನನಗೆ ಅವನ ಮೇಲೆ ಎಂಥ ಸಿಟ್ಟು ಬಂತೆಂದರೆ, ಎದುರಿಗಿದ್ದರೆ ಕಪಾಳಕ್ಕೆ ಬಾರಿಸುತ್ತಿದ್ದೆ. ಮತ್ತೆ ಪೆನ್ಸಿಲ್ ಹಿಡಿದ ನನ್ನ ಕೈ ನೋಡಿಕೊಂಡೆ. ನಾನು ಸುಮ್ಮನಿದ್ದು ಅದು ಮೂರನೆಯ ದಿನ.

ಮೇಲೆ ಹೋಗಿ ದೋಷಗಳ ದಾಖಲೆ ತೆರೆದು ಬರೆದೆ. ಯಾವ ನಿಯಮ, ಯಾವಾಗ ಬರೆದದ್ದು, ಯಾವ ಪುಟ ಕಳೆದುಹೋಯಿತು, ಅದರಿಂದ ಯಾವ ಫಲಕದಲ್ಲಿ ಯಾವ ಹೆಸರು ತಪ್ಪಾಗಿದೆ. ಕಾರಣ ಎಂಬ ಕಾಲಂನಲ್ಲಿ ನನ್ನ ಹೆಸರು ಹಾಕಿದೆ. ಸೋಮವಾರವೇ ಗೊತ್ತಾಗಿತ್ತು, ಗುರುವಾರ ವರದಿ ಮಾಡುತ್ತಿದ್ದೇನೆ ಎಂದೂ ಬರೆದೆ. ಲೀಡ್‌ಗೆ ಹೇಳಿದ್ದೆ ಎಂಬುದನ್ನು ಮಾತ್ರ ಬರೆಯಲಿಲ್ಲ. ಕಳಿಸುವ ಬಟನ್ನನ್ನು ಒಂದೇ ಸಲ ಒತ್ತಿದೆ.

ಶುಕ್ರವಾರ ಸಹಿ ಆಗಲಿಲ್ಲ. ಅದರ ಬದಲು ಮೀಟಿಂಗ್ ಆಯಿತು. ಯಾರೂ ಕೂಗಾಡಲಿಲ್ಲ. ಕೂಗಾಡಿದ್ದರೇ ಚೆನ್ನಾಗಿತ್ತು. ಥ್ಯಾಂಕ್ಸ್ ಹೇಳಿದರು, ನಿಮ್ಮ ಪ್ರಾಮಾಣಿಕತೆ ಮೆಚ್ಚಿದೆವು ಎಂದರು, ನಾಮಿನೇಷನ್ನನ್ನು ಮರುಪರಿಶೀಲನೆಗೆ ಇಟ್ಟಿದ್ದೇವೆ ಎಂದರು. ಫಲಕ ಹೊಸದಾಗಿ ಮಾಡಿಸಲು ಒಪ್ಪಿದರು. ಜೊತೆಗೆ, ಬೇರೆ ಎಲ್ಲಿ ಏನು ಬಿಸಾಡಿದೆಯೋ ಯಾರಿಗೆ ಗೊತ್ತು, ಇಡೀ ದಿನಚರಿಯನ್ನು ಪುಟಪುಟವಾಗಿ ಕೈಯಾರೆ ಪರೀಕ್ಷಿಸಬೇಕು, ಅದೂ ನಾನೇ ಮಾಡಬೇಕು ಎಂದರು. ಅಂದರೆ ಅದೇ ಕೋಣೆ, ಅದೇ ಲಾಕರು, ಅದೇ ಪೆನ್ಸಿಲ್.

ಹೊರಗೆ ಬಂದ ಮೇಲೆ ಲೀಡ್ ನನ್ನನ್ನು ಕಾರಿಡಾರಿನಲ್ಲಿ ತಡೆದರು. "ಹೇಳಿದ್ನಲ್ಲ ನಾನು, ಹೇಳಿದ್ನೋ ಇಲ್ವೋ?" ಎಂದರು. ಆಮೇಲೆ, "ನನ್ನ ಹೆಸರು ಬರ್ದಿಲ್ಲ ನೀವು," ಎಂದು ಸಣ್ಣಗೆ ಹೇಳಿ ಹೋದರು.

ಅದೇ ಸಂಜೆ ಪಾಯಿಂಟ್ ಕುಕ್‌ಗೆ ಹೋಗಿ ಎಲ್ಲ ಹೇಳಿದೆ. ಗಂಡ ಕ್ಯಾಲೆಂಡರಿನ ಕೆಂಪು ಸುತ್ತಿನ ಕಡೆ ನೋಡಿದರು. ಆಮೇಲೆ, "ಒಂದು ವಾರ ತಡಿಲಿಕ್ಕೆ ಆಗ್ಲಿಲ್ವಾ ನಿಂಗೆ?" ಎಂದರು. ಅವರ ಕಷ್ಟವೂ ಕಷ್ಟವೇ. ಅತ್ತೆ ಬಟ್ಟಲಿಗೆ ಅನ್ನ ಬಡಿಸುತ್ತ, "ಹೇಳ್ಲಿಕ್ಕೆ ಹೋಗು, ಆ ಹೆಂಗಸಿಗೆ. ಫೋನಲ್ಲಿ ಬೇಡ," ಎಂದರು.

ಶನಿವಾರ ಬೆಳಿಗ್ಗೆ ವಿಲಿಯಮ್ಸ್‌ಟೌನಿಗೆ ಕಾರು ಓಡಿಸಿಕೊಂಡು ಹೋದೆ. ಪಾಯಿಂಟ್ ಕುಕ್‌ನಿಂದ ದೂರವೇನಲ್ಲ. ಆ ಹೆಂಗಸಿನ ಮನೆ ಕಡಲಿಗೆ ಹತ್ತಿರ. ಅವರು ಚಹಾ ಮಾಡಿದರು. ನಾನು ಬರೆದುಕೊಂಡು ಹೋದ ನಾಲ್ಕು ಸಾಲು ಓದಿದೆ. ಪೀಪಾಯಿಯ ಹಗ್ಗ ಎಂಬಲ್ಲಿಗೆ ಬಂದಾಗ ಅವರು ಕೈ ಎತ್ತಿ ತಡೆದರು.

"ಅದನ್ನು ಇನ್ನೊಮ್ಮೆ ಓದಿ."

ಓದಿದೆ.

"ಕೆಲಸ ಮಾಡುತ್ತಾ ಇದ್ದ," ಎಂದರು.

"ಹೌದು. ಕೆಲಸ ಮಾಡುತ್ತಾ ಇದ್ದರು."

"ಒಂದು ದಿನವನ್ನೂ ಬಿಟ್ಟಿಲ್ಲ ಎಂದು ನೀವು ಅವತ್ತು ಹೇಳಿದಿರಿ."

"ಹೇಳಿದೆ. ತಪ್ಪು ನನ್ನದು. ಕ್ಷಮಿಸಿ."

ಅವರು ಕ್ಷಮಿಸಿದೆ ಎನ್ನಲಿಲ್ಲ. ಒಳಗೆ ಹೋಗಿ ದಪ್ಪನೆಯ ಒಂದು ಬೈಬಲ್ ತಂದು ಮೇಜಿನ ಮೇಲೆ ಇಟ್ಟರು. ಮೊದಲ ಹಾಳೆಯಲ್ಲಿ ಮನೆತನದ ಹುಟ್ಟುಸಾವುಗಳ ಪಟ್ಟಿ. ಒಂದು ಸಾಲಿನ ಮೇಲೆ ಯಾರೋ ಮಸಿ ಹಚ್ಚಿ, ಉಜ್ಜಿ, ಕಾಗದವೇ ತೆಳುವಾಗಿತ್ತು. ಅದರ ಪಕ್ಕದ ಖಾಲಿ ಜಾಗ ತೋರಿಸಿ ನನ್ನ ಕೈಗೆ ಪೆನ್ನು ಕೊಟ್ಟರು. ನನ್ನ ಕೈ ನಡುಗುತ್ತದೆ, ನೀವೇ ಬರೆಯಿರಿ ಎಂದರು.

ತಿಂಗಳುಗಟ್ಟಲೆ ಪೆನ್ಸಿಲ್ ಬಿಟ್ಟು ಬೇರೆ ಹಿಡಿಯದ ಕೈಗೆ ಆ ಪೆನ್ನು ಭಾರವೆನಿಸಿತು. ಹೆಸರು ಬರೆದೆ. ದ್ವೀಪದ ಹೆಸರು ಬರೆದೆ. ಮುಳುಗಿ ಸತ್ತರು, ದಡದಲ್ಲಿ ಹೂಳಲಾಯಿತು ಎಂದು ಬರೆದೆ. ಬುಧವಾರ ಎಂದು ಬರೆಯುವಾಗ ನಿಲ್ಲಿಸಿ ಅವರ ಮುಖ ನೋಡಿದೆ.

"ಯಾವುದು?" ಎಂದರು.

"ದೇಹ ಸಿಕ್ಕಿದ್ದು ಎರಡನೆಯದರಲ್ಲಿ."

"ಹಾಗೇ ಬರೆಯಿರಿ."

ಬರೆದೆ. ಶಾಯಿ ಆರುವ ತನಕ ಇಬ್ಬರೂ ಕಾದೆವು. ನಾಮಿನೇಷನ್ ಏನಾಗುತ್ತದೆ ಎಂದು ನನಗೆ ಇನ್ನೂ ಗೊತ್ತಿರಲಿಲ್ಲ. ಮರುದಿನ ಸಂಜೆ ಮತ್ತೆ ಸಿಡ್ನಿಯ ವಿಮಾನ. ಅವರು ಪುಟದ ಮೇಲೆ ಬಾಗಿ ಆ ಹೆಸರನ್ನು ಪಿಸುಮಾತಿನಲ್ಲಿ ಓದಿದರು. ಆಮೇಲೆ ನೆಟ್ಟಗೆ ನಿಂತು, ಖಾಲಿ ಮನೆಯ ಕಡೆಗೆ ತಿರುಗಿ, ಒಳಗೆ ಮಲಗಿದ್ದ ಯಾರನ್ನೋ ಊಟಕ್ಕೆ ಕರೆಯುವವರ ಹಾಗೆ ಜೋರಾಗಿ ಅದೇ ಹೆಸರು ಹೇಳಿದರು.